ಎಷ್ಟು ಬಾಳುತ್ತೆ ಎಂದು ಕೇಳುವ ಮೊದಲು

ಹಳೆಯ ಸ್ಟಾರ್ ವಾರ್ಸ್ ಗೊಂಬೆಗಳನ್ನು ಕೂಡಿಡುವ ಕನ್ನಡದ ಗೆಳೆಯ ಗೆಳತಿಯರಿಗೆ,



ಕಳೆದ ವಾರ ನಿಮ್ಮಲ್ಲೊಬ್ಬರು ನನ್ನ ಮೊಬೈಲಿಗೆ ಒಂದು ಫೋಟೊ ಕಳಿಸಿದ್ದರು. ಊಟದ ಮೇಜು, ಅದರ ಮೇಲೆ ಉಪ್ಪಿನಕಾಯಿ ಜಾಡಿ, ಜಾಡಿಗೆ ಒರಗಿ ನಿಂತ ಬೆರಳುದ್ದದ ಒಂದು ಜಾವಾ ಗೊಂಬೆ. ಕೆಳಗೆ ಒಂದೇ ಸಾಲು: ‘ಸಾರ್, ಇದು ಎಷ್ಟು ಬಾಳುತ್ತೆ?’

ಓಹಾಯೋದಲ್ಲಿ ಹದಿನೆಂಟು ವರ್ಷ ಇದ್ದವನು, ಅಲ್ಲಿನ ಗ್ಯಾರೇಜ್ ಸೇಲುಗಳಲ್ಲಿ ಶನಿವಾರಗಳನ್ನೆಲ್ಲ ಸುಟ್ಟುಕೊಂಡವನು ಎಂಬ ಕಾರಣಕ್ಕೆ ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಬೇಸತ್ತಿದ್ದೇನೆ. ಅದಕ್ಕೇ ಎಲ್ಲರಿಗೂ ಸೇರಿಸಿ ಈ ಪತ್ರ. ಜಾವಾ ಕಳಿಸಿದವರು ಬೇಸರ ಮಾಡಿಕೊಳ್ಳಬಾರದು. ನಿಮ್ಮ ಉತ್ತರವೂ ಇದರಲ್ಲೇ ಇದೆ, ಕೊನೆಗೆ.

ಬೆಲೆ ಹೇಳುವುದು ದೊಡ್ಡ ವಿಷಯವಲ್ಲ. ಕೈಯಲ್ಲಿರುವ ಗೊಂಬೆಯ ಮೈಮೇಲೆ ಅದರದ್ದೇ ಆದದ್ದು ಎಷ್ಟು, ಬೇರೆಲ್ಲಿಂದಲೋ ಬಂದು ಸೇರಿಕೊಂಡದ್ದು ಎಷ್ಟು ಎಂದು ಗೊತ್ತಾಗಬೇಕು. ಅದು ಗೊತ್ತಾಗದೆ ಹೇಳಿದ ಬೆಲೆ ಗಾಳಿಮಾತು.

ಹಿನ್ನೆಲೆ ಗೊತ್ತಿಲ್ಲದ ಹೊಸಬರಿಗೆ ಎರಡು ಮಾತು. ಈ ಗೊಂಬೆಗಳನ್ನು ಮಾಡಿದ ಕೆನ್ನರ್ ಕಂಪನಿ ಸಿನ್ಸಿನಾಟಿಯಲ್ಲಿ 1946ರಲ್ಲಿ ಹುಟ್ಟಿತು. ಸ್ಟೈನರ್ ಮನೆಯ ಮೂವರು ಅಣ್ಣತಮ್ಮಂದಿರು ತಮ್ಮ ಕಚೇರಿ ಇದ್ದ ಬೀದಿಯ ಹೆಸರನ್ನೇ ಅದಕ್ಕೆ ಇಟ್ಟರು. 1977ರ ಮೇ 25ರಂದು ಮೊದಲ ಸಿನಿಮಾ ಬಿಡುಗಡೆಯಾಗಿ ಜನ ಮುಗಿಬಿದ್ದಾಗ ಅವರ ಬಳಿ ಒಂದು ಗೊಂಬೆಯೂ ತಯಾರಿರಲಿಲ್ಲ. ಆ ವರ್ಷದ ಕ್ರಿಸ್‌ಮಸ್‌ಗೆ ಅಂಗಡಿಗಳಲ್ಲಿ ಮಾರಿದ್ದು ರಟ್ಟಿನ ಖಾಲಿ ಪೊಟ್ಟಣ, ಒಳಗೊಂದು ಚೀಟಿ. ಚೀಟಿ ಅಂಚೆಗೆ ಹಾಕಿದವರ ಮನೆಗೆ 1978ರಲ್ಲಿ ನಾಲ್ಕು ಗೊಂಬೆ ಬಂದವು: ಲ್ಯೂಕ್, ಲೇಯಾ, ಚ್ಯೂಬಾಕಾ, ಆರ್2-ಡಿ2. ಬರೀ ಭರವಸೆಯನ್ನು ಪೊಟ್ಟಣ ಕಟ್ಟಿ ಮಾರಿ, ಮಾತು ಉಳಿಸಿಕೊಂಡವರು ಎಂದು ನನಗೆ ಅವರ ಮೇಲೆ ಈಗಲೂ ಗೌರವ. ಮೊದಲ ವರ್ಷ ಒಟ್ಟು ಹನ್ನೆರಡು ಗೊಂಬೆ, 1985ರ ಹೊತ್ತಿಗೆ ನೂರರ ಹತ್ತಿರ. ಹೆಚ್ಚಿನವು ಸುಮಾರು ಮೂರೂಮುಕ್ಕಾಲು ಇಂಚು. ಕತ್ತು, ಎರಡು ಭುಜ, ಎರಡು ತೊಡೆಸಂದು, ಇಷ್ಟೇ ತಿರುಗುವುದು. ಮೊಣಕಾಲು ಮಡಿಸಲು ಬರುವುದಿಲ್ಲವಾದ್ದರಿಂದ ಕೂರಿಸಿದರೆ ಕಾಲು ಚಾಚಿಕೊಂಡೇ ಕೂರುತ್ತವೆ, ಪಂಕ್ತಿಯಲ್ಲಿ ಕೂತ ಮಂಡಿನೋವಿನ ಹಿರಿಯರ ಹಾಗೆ.

ಈಗ ಒಂದು ಬಿಡಿ ಲ್ಯೂಕ್ ಕೈಗೆ ಬಂತು ಎಂದಿಟ್ಟುಕೊಳ್ಳಿ. ಕಾರ್ಡಿಲ್ಲ, ಡಬ್ಬಿಯಿಲ್ಲ, ಯಾರದೋ ಅಟ್ಟದಿಂದ ಇಳಿದದ್ದು. ನಾನು ಮೊದಲು ಮುಖ ನೋಡುವುದಿಲ್ಲ. ತಿರುಗಿಸಿ ಕಾಲಿನ ಹಿಂಭಾಗ ನೋಡುತ್ತೇನೆ. ಅಲ್ಲಿ ಉಬ್ಬಿದ ಸಣ್ಣ ಅಕ್ಷರಗಳಲ್ಲಿ ಜಿಎಂಎಫ್‌ಜಿಐ 1977 ಎಂದಿರುತ್ತದೆ, ಜೊತೆಗೆ ಸಾಮಾನ್ಯವಾಗಿ ಹಾಂಗ್‌ಕಾಂಗ್. ಜಿಎಂ ಎಂದರೆ ಜನರಲ್ ಮಿಲ್ಸ್, ಗೋಧಿಹಿಟ್ಟು ಮತ್ತು ಬೆಳಗಿನ ತಿಂಡಿಯ ಪೊಟ್ಟಣ ಮಾರುವ ಅದೇ ಕಂಪನಿ. ಆಗ ಕೆನ್ನರ್ ಅದರ ಕೈಕೆಳಗಿತ್ತು. ಮುಂದಿನ ಸಿನಿಮಾಗಳ ಗೊಂಬೆಗಳಲ್ಲಿ ಈ ಜಾಗಕ್ಕೆ ಲ್ಯೂಕಾಸ್‌ಫಿಲ್ಮ್‌ನ ಎಲ್‌ಎಫ್‌ಎಲ್ ಬರುತ್ತದೆ. ಇಲ್ಲಿ ನಿಮ್ಮಲ್ಲಿ ಹಲವರು ಎಡವುತ್ತೀರಿ. ಆ ಇಸವಿ ಹಕ್ಕುಸ್ವಾಮ್ಯದ ಇಸವಿ. ಗೊಂಬೆ ಅಚ್ಚಿನಿಂದ ಹೊರಬಿದ್ದ ಇಸವಿ ಅಲ್ಲ. 1977 ಎಂದು ಬರೆದ ಲ್ಯೂಕ್ ಎಂಬತ್ತರ ದಶಕದಲ್ಲೂ ತಯಾರಾಗಿರಬಹುದು. ‘ಮೊದಲನೇ ವರ್ಷದ್ದು ಸಾರ್, ಕಾಲ ಮೇಲೇ ಬರೆದಿದೆ’ ಎಂದು ಹೆಚ್ಚು ದುಡ್ಡು ಕೇಳುವವರಿಗೆ ಈ ಮಾತು ಹೇಳಿ. ಹಾಗೆಯೇ ದೇಶದ ಹೆಸರು ಇಲ್ಲದ್ದೆಲ್ಲ ನಕಲಿ ಎಂದೂ ಅಂದುಕೊಳ್ಳಬೇಡಿ. ಹೆಸರಿಲ್ಲದೆಯೇ ಬಂದ ಅಸಲಿಗಳಿವೆ, ತೈವಾನ್ ಎಂದೂ ಚೀನಾ ಎಂದೂ ಇರುವ ಅಸಲಿಗಳೂ ಇವೆ. ಇನ್ನೊಂದು ಎಚ್ಚರಿಕೆ: 2019ರಿಂದ ಹ್ಯಾಸ್‌ಬ್ರೊ ಹಳೆಯ ರೂಪದಲ್ಲೇ ಹೊಸ ಗೊಂಬೆಗಳನ್ನು ಬಿಡುತ್ತಿದೆ. ಅವು ಮೋಸವಲ್ಲ, ಗುರುತು ಬೇರೆಯೇ ಇರುತ್ತದೆ. ಅವನ್ನು ಬಿಸಿಲಲ್ಲಿಟ್ಟು, ಮಣ್ಣಲ್ಲಿ ಹೊರಳಾಡಿಸಿ ‘ಅಜ್ಜನ ಕಾಲದ್ದು’ ಅನ್ನುವವನು ಮೋಸಗಾರ.

ಕಾಲಾದ ಮೇಲೆ ಕೀಲು. ಸೊಂಟ ಹಿಡಿದು ಮೆಲ್ಲಗೆ ಅಲುಗಾಡಿಸಿದರೆ ಕೈಕಾಲು ಲೊಡಲೊಡ ಅನ್ನಬಾರದು, ಮೇಜಿನ ಮೇಲೆ ತಾನೇ ನಿಲ್ಲಬೇಕು. ಆಮೇಲೆ ಬಣ್ಣ. ಮೂಗಿನ ತುದಿ, ಕೂದಲಿನ ಅಂಚು, ಬೂಟಿನ ಮುಂಭಾಗ, ಮಕ್ಕಳ ಕೈಯಲ್ಲಿ ಮೊದಲು ಸವೆಯುವುದು ಇವೇ. ನಲವತ್ತು ವರ್ಷದ ಗೊಂಬೆಯ ಮೂಗಿನ ತುದಿ ಲಕಲಕ ಹೊಳೆಯುತ್ತಿದ್ದರೆ ನನಗೆ ಸಂತೋಷಕ್ಕಿಂತ ಅನುಮಾನ ಜಾಸ್ತಿ. ಕಾರ್ಖಾನೆಯಲ್ಲಿ ಮುಖಕ್ಕೆ ಅಚ್ಚು ಹಿಡಿದು ಬಣ್ಣ ಸಿಂಪಡಿಸುತ್ತಿದ್ದರು. ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗಾಜು ಇಟ್ಟು ನೋಡಿದರೆ ಸಿಂಪಡಿಸಿದ್ದು ಸಣ್ಣ ಸಣ್ಣ ಚುಕ್ಕೆಯಾಗಿ ಕರಗುತ್ತದೆ, ಕುಂಚದಿಂದ ತೀಡಿದ್ದು ಗೆರೆಯಾಗಿ ನಿಲ್ಲುತ್ತದೆ. ಮೂಗಿಗೂ ಹಿಡಿಯಿರಿ. ಹಳೆಯ ಗೊಂಬೆಗೆ ಹಳೆಯ ಟ್ರಂಕಿನ ವಾಸನೆ. ಪೇಂಟಂಗಡಿಯ ವಾಸನೆ ಬಂದರೆ ಗೊಂಬೆ ಕೆಳಗಿಡಿ.

ಲ್ಯೂಕ್‌ನ ಆಯುಧ ಅವನ ತೋಳಿನೊಳಗೇ ಇದೆ. ಸಿನಿಮಾದಲ್ಲಿ ಅವನ ಲೈಟ್‌ಸೇಬರ್ ನೀಲಿ, ಕೆನ್ನರ್ ಕೊಟ್ಟದ್ದು ಹಳದಿ. ಯಾಕೆ ಎಂದು ಕೇಳಬೇಡಿ. ತೋಳಿನ ಅಡಿಯಲ್ಲಿರುವ ಸಣ್ಣ ಹಿಡಿಯನ್ನು ಮುಂದಕ್ಕೆ ತಳ್ಳಿದರೆ ಅಂಗೈಯಿಂದ ಹಳದಿ ಕಡ್ಡಿ ಹೊರಬರುತ್ತದೆ. ತೀರಾ ಮೊದಲಿನವುಗಳಲ್ಲಿ ಈ ಕಡ್ಡಿಯೊಳಗಿನಿಂದ ಇನ್ನೊಂದು ಸಣ್ಣ ಎಳೆ, ರೇಡಿಯೊ ಏರಿಯಲ್ಲಿನ ಕೊನೆಯ ತುಂಡಿನ ಹಾಗೆ, ಮತ್ತೆ ಮುಂದಕ್ಕೆ ಚಾಚುತ್ತಿತ್ತು. ಮಕ್ಕಳ ಕೈಗೆ ತಡೆಯಲಿಲ್ಲ, ಕಂಪನಿ ಬೇಗನೆ ಕೈಬಿಟ್ಟಿತು. ಬೆನ್ ಕೆನೋಬಿ, ಡಾರ್ತ್ ವೇಡರ್‌ಗಳಲ್ಲೂ ಇದೇ ಏರ್ಪಾಡಿತ್ತು, ಅವು ಲ್ಯೂಕ್‌ಗಿಂತ ಇನ್ನೂ ಅಪರೂಪ. ಅಂಥದ್ದು ಸಿಕ್ಕಿತೆಂದು ಯಾರಾದರೂ ಹೇಳಿದರೆ ಕುಣಿಯುವ ಮೊದಲು ಕಡ್ಡಿಯನ್ನು ನೋಡಿ. ನಕಲಿ ಕಡ್ಡಿ ಬೇರೆಯಾಗಿ ಸಿಗುತ್ತದೆ. ತೋಳಿಗೆ ತುರುಕುವುದು ಐದು ನಿಮಿಷದ ಕೆಲಸ.

ಉಳಿದ ಗೊಂಬೆಗಳ ಕೋವಿ, ಕೋಲು, ಮೇಲಂಗಿಗಳ ಪಾಡು ಇನ್ನೂ ಕಷ್ಟ. ಅವು ಮೊದಲ ವಾರದಲ್ಲೇ ಸೋಫಾ ಸಂದಿಗೆ ಹೋದವು. ಹಾಗಾಗಿ ಇವತ್ತು ಎಷ್ಟೋ ಗೊಂಬೆಗಳಲ್ಲಿ ಗೊಂಬೆಗಿಂತ ಅದರ ಕೋವಿಗೇ ಬೆಲೆ ಜಾಸ್ತಿ. ಮೂಗಿಗಿಂತ ಮೂಗುತಿ ಭಾರ. ಭಾರ ಆದದ್ದಕ್ಕೇ ನಕಲಿ ಮೂಗುತಿ ಮಾಡುವವರೂ ಹುಟ್ಟಿಕೊಂಡರು. ಬಟ್ಟಲು ನೀರಿಗೆ ಹಾಕಿದರೆ ಅಸಲಿ ತೇಲುತ್ತದೆ, ನಕಲಿ ಮುಳುಗುತ್ತದೆ ಎಂಬ ಪರೀಕ್ಷೆ ನಿಮಗೆಲ್ಲ ಗೊತ್ತು. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಮುಳುಗುವ ಅಸಲಿಗಳೂ ಇವೆ, ತೇಲುವ ನಕಲಿಗಳೂ ಬಂದಿವೆ. ನೀರಿನ ಬಟ್ಟಲು ಒಂದು ಸಾಕ್ಷಿ ಅಷ್ಟೇ. ಅಚ್ಚಿನ ಅಂಚು, ಪ್ಲಾಸ್ಟಿಕ್ಕಿನ ಹೊಳಪು, ಇವನ್ನು ಖಚಿತವಾಗಿ ಗೊತ್ತಿರುವ ಅಸಲಿಯ ಪಕ್ಕ ಇಟ್ಟು ನೋಡುವುದಕ್ಕೆ ಬದಲಿಯಿಲ್ಲ.

ಇನ್ನು ಜಾವಾ. ಈ ಪತ್ರ ಬರೆಯಲು ಕೂತದ್ದೇ ಅವನಿಗಾಗಿ.

ಜಾವಾ ಕುಳ್ಳ, ಎರಡೂಕಾಲು ಇಂಚು. ಉಳಿದವರಿಗಿಂತ ಗಿಡ್ಡ, ಬೆಲೆ ಮಾತ್ರ ಅವರಷ್ಟೇ. ಶುರುವಿನಲ್ಲಿ ಅವನಿಗೆ ತೆಳ್ಳನೆಯ ವಿನೈಲ್ ಮೇಲಂಗಿ ಹಾಕಿದ್ದರು. ಇಷ್ಟು ಸಣ್ಣ ಗೊಂಬೆಗೆ ಇಷ್ಟು ದುಡ್ಡು ಕೊಟ್ಟೆವಲ್ಲ ಎಂದು ಗಿರಾಕಿಗೆ ಅನ್ನಿಸಬಾರದೆಂದು ಸ್ವಲ್ಪ ಕಾಲದಲ್ಲೇ ವಿನೈಲ್ ತೆಗೆದು ಹೊಲಿದ ಬಟ್ಟೆಯ ಅಂಗಿ ತೊಡಿಸಿದರು. ಒಳಗಿನ ಗೊಂಬೆ ಬದಲಾಗಲಿಲ್ಲ. ಇವತ್ತು ವಿನೈಲ್ ಜಾವಾ ಸಾವಿರಗಟ್ಟಲೆ ಡಾಲರಿನ ಮಾತು, ಬಟ್ಟೆ ಜಾವಾ ಯಾವ ಮೂಲೆಯಲ್ಲೂ ಸಿಗುವವನು. ಇಬ್ಬರಿಗೂ ನಡುವೆ ಇರುವುದು ಒಂದು ತುಂಡು ವಿನೈಲ್ ಮಾತ್ರ. ಬೆನ್ ಕೆನೋಬಿಗೂ ವಿನೈಲ್ ಮೇಲಂಗಿ ಇದೆ, ಉದ್ದನೆಯದು, ಸುಲಭಕ್ಕೆ ಸಿಗುವಂಥದ್ದು. ಮುಂದಿನದು ನಿಮಗೇ ಹೊಳೆದಿರಬೇಕು.

ನನಗೆ ಹೊಳೆಯಲಿಲ್ಲ. ಓಹಾಯೋಗೆ ಹೋದ ನಾಲ್ಕನೇ ವರ್ಷ, ಹೋಟೆಲಿನ ಸಭಾಂಗಣದಲ್ಲಿ ನಡೆದ ಆಟಿಕೆ ಸಂತೆಯೊಂದರಲ್ಲಿ, ಬಿಳಿಗಡ್ಡದ ಹಿರಿಯರೊಬ್ಬರ ಮೇಜಿನ ಮೇಲೆ ವಿನೈಲ್ ಜಾವಾ ಕಂಡಿತು. ‘ನನ್ನ ಮಗನದು, ಅವನಿಗೆ ಇನ್ನು ಬೇಡವಂತೆ’ ಎಂದರು. ಆ ಒಂದು ಮಾತಿಗೆ ನಾನು ಕರಗಿಹೋದೆ. ಅವರು ಹೇಳಿದ ಬೆಲೆ ಮಾರುಕಟ್ಟೆಗಿಂತ ಕಡಿಮೆ, ನನ್ನ ಜೇಬಿಗೆ ಮಾತ್ರ ತಿಂಗಳ ಬಾಡಿಗೆಗಿಂತ ಜಾಸ್ತಿ. ಕೊಟ್ಟೆ. ಮನೆಗೆ ಬಂದು ದೀಪದಡಿ ಭೂತಗಾಜು ಹಿಡಿದಾಗ ಮೇಲಂಗಿಯ ಕೆಳಅಂಚು ಕಂಡಿತು. ಕಾರ್ಖಾನೆಯ ಅಚ್ಚಿನಲ್ಲಿ ಒಂದೇ ಏಟಿಗೆ ಕತ್ತರಿಸಿದ ಅಂಚು ಸುತ್ತಲೂ ಒಂದೇ ಸಮ ಇರುತ್ತದೆ. ಇಲ್ಲಿ ಪ್ರತಿ ಅರ್ಧ ಇಂಚಿಗೊಂದು ಸಣ್ಣ ಮೆಟ್ಟಿಲು. ಕತ್ತರಿ ಬಾಯಿ ಮುಚ್ಚಿ, ಮತ್ತೆ ತೆರೆದು, ಮುಂದಕ್ಕೆ ಹೋದ ಜಾಗಗಳು. ನನ್ನ ಹತ್ತಿರವೇ ಇದ್ದ ಬೆನ್ ಕೆನೋಬಿಯ ಅಂಗಿಯನ್ನು ತಂದು ಮೇಲಿಟ್ಟೆ. ತೋಳಿನ ತೂತುಗಳು ಕರಾರುವಾಕ್ಕಾಗಿ ಕೂತವು. ಮರುದಿನ ಬೆಳಿಗ್ಗೆ ಸಂತೆಗೆ ಓಡಿದೆ. ಆ ಮೇಜಿನಲ್ಲಿ ಬೇರೆ ಯಾರೋ ಕಾಮಿಕ್ಸ್ ಹರಡಿಕೊಂಡು ಕೂತಿದ್ದರು.

ಈ ಕತೆ ಇಲ್ಲಿಗೆ ಮುಗಿದಿದ್ದರೆ ನಿಮಗೆ ಹೇಳುತ್ತಲೇ ಇರಲಿಲ್ಲ. ಮೋಸ ಹೋದವರ ಕತೆಗೆ ಬರವಿಲ್ಲ. ಎರಡು ವರ್ಷದ ನಂತರ ನಮ್ಮ ಕಡೆಯವರೇ ಒಬ್ಬರು, ಟೆಕ್ಸಸ್‌ನಲ್ಲಿದ್ದವರು, ಮನೆಗೆ ಊಟಕ್ಕೆ ಬಂದಿದ್ದರು. ಗಾಜಿನ ಬೀರುವಿನಲ್ಲಿ ಆ ಜಾವಾ ನೋಡಿ ಕಣ್ಣರಳಿಸಿದರು. ‘ಕೊಡ್ತೀರಾ?’ ಎಂದು ನಾನು ಕೊಟ್ಟದ್ದಕ್ಕಿಂತ ದುಪ್ಪಟ್ಟು ಬೆಲೆ ಹೇಳಿದರು. ನಾನು ಸುಳ್ಳು ಹೇಳಲಿಲ್ಲ. ಸುಮ್ಮನಿದ್ದೆ, ಅಷ್ಟೇ. ಊಟ ಆಯಿತು, ಕಾಫಿ ಆಯಿತು, ಸುಮ್ಮನೇ ಇದ್ದೆ. ಹೊರಡುವಾಗ ಅವರು ಚೆಕ್ ಪುಸ್ತಕ ತೆಗೆದರು, ಆಗ ಬಾಯಿ ಬಿಟ್ಟೆ. ಅವರು ನಕ್ಕರು. ಆ ನಗುವಿನಲ್ಲಿ ಏನಿತ್ತು ಎಂದು ನಾನು ಈಗಲೂ ಯೋಚಿಸುತ್ತೇನೆ. ಅರ್ಧ ದಿನ ಯಾಕೆ ಸುಮ್ಮನಿದ್ದೆ ಎಂದು ಅವರು ಕೇಳಲಿಲ್ಲ. ಆ ಬಿಳಿಗಡ್ಡದವರೂ ಯಾರಿಂದಲೋ ಹೀಗೇ ಮೋಸ ಹೋಗಿ, ಹೀಗೇ ಸುಮ್ಮನಿದ್ದವರು ಇರಬಹುದು ಎಂದು ಅವತ್ತು ಮೊದಲ ಸಲ ಅನ್ನಿಸಿತು.

ನಮ್ಮ ಗುಂಪಿನಲ್ಲಿ ಕತ್ತರಿ ಹಿಡಿದು ಕೂತವರು ಯಾರೂ ಇಲ್ಲ. ಸುಮ್ಮನಿರುವವರು ಬಹಳ ಜನ ಇದ್ದೇವೆ. ಕೋವಿ ಕಳೆದ ಸ್ಟಾರ್ಮ್‌ಟ್ರೂಪರ್‌ಗೆ ನೂರೈವತ್ತು ರೂಪಾಯಿಯ ನಕಲಿ ಕೋವಿ ಹಾಕಿ ‘ಸದ್ಯಕ್ಕೆ ಇರಲಿ’ ಅನ್ನುತ್ತೇವೆ. ಮೂರು ವರ್ಷದ ಮೇಲೆ ಮಾರುವಾಗ ಆ ‘ಸದ್ಯಕ್ಕೆ’ ಮರೆತಿರುತ್ತದೆ. ಕೊಂಡವನು ಅದನ್ನೇ ಅಸಲಿ ಎಂದು ನಂಬಿ, ಮುಂದೆ ಅದರ ಪಕ್ಕ ಇಟ್ಟೇ ಬೇರೆಯವನ್ನು ಅಳೆಯುತ್ತಾನೆ. ಅಳತೆಗೋಲೇ ಕೆಟ್ಟ ಮೇಲೆ ನಾನು ಮೇಲೆ ಬರೆದ ಪರೀಕ್ಷೆಗಳೆಲ್ಲ ಯಾವ ಉಪಯೋಗಕ್ಕೆ?

ಇದರಲ್ಲಿ ನಮ್ಮ ಮನೆಗಳ ಅಭ್ಯಾಸದ ಪಾಲೂ ಇದೆ ಎಂದು ನನ್ನ ಗುಮಾನಿ. ನಮ್ಮಜ್ಜಿ ನವರಾತ್ರಿ ಬಂತೆಂದರೆ ಪಟ್ಟದ ಗೊಂಬೆಗಳನ್ನು ಪೆಟ್ಟಿಗೆಯಿಂದ ಇಳಿಸಿ, ಒರೆಸಿ, ಬಣ್ಣ ಮಾಸಿದ್ದಕ್ಕೆ ಬಣ್ಣ ಹಚ್ಚಿಸಿ, ಹೊಸ ಜರಿ ಉಡಿಸಿ ಕೂರಿಸುತ್ತಿದ್ದರು. ಮಾಸಿದ ಗೊಂಬೆ ಕೂರಿಸುವುದು ಅವರ ದೃಷ್ಟಿಯಲ್ಲಿ ಅಪಚಾರ. ಅದೇ ಕೈ, ಅದೇ ಕಣ್ಣು ನಮಗೂ ಬಂದಿದೆ. ಹಳೆಯದು ಕಂಡರೆ ತೊಳೆಯಬೇಕು, ತಿಕ್ಕಬೇಕು, ಹೊಳೆಯಿಸಬೇಕು. ಪಟ್ಟದ ಗೊಂಬೆಗೆ ಅದು ಸರಿ, ಅದು ವರ್ಷವರ್ಷ ಪಟ್ಟಕ್ಕೇರುವ ಗೊಂಬೆ. ಕೆನ್ನರ್ ಗೊಂಬೆಯಲ್ಲಿ ಮಾಸಿದ್ದೇ ದಾಖಲೆ.

ನಾನೇ ಒಂದು ಸ್ಟಾರ್ಮ್‌ಟ್ರೂಪರ್ ಹಾಳು ಮಾಡಿದ್ದೇನೆ. ಬಿಳಿ ಪ್ಲಾಸ್ಟಿಕ್ ಬೆಳಕಿಗೆ, ವಯಸ್ಸಿಗೆ ಹಳದಿಯಾಗುತ್ತದೆ. ಮೈ ಒಂದು ಬಗೆಯ ಪ್ಲಾಸ್ಟಿಕ್, ಕೈಕಾಲು ಇನ್ನೊಂದು ಬಗೆ ಆದರೆ ಒಂದೊಂದು ಒಂದೊಂದು ಹಳದಿ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ ಎಂದು ಯಾರೋ ಹೇಳಿದರು. ಇಟ್ಟೆ. ಸಂಜೆಗೆ ಹಾಲಿನಂತೆ ಬೆಳ್ಳಗಾಯಿತು, ಹೆಂಡತಿಯನ್ನು ಕರೆದು ತೋರಿಸಿದೆ. ಎರಡು ವರ್ಷಕ್ಕೆ ಮತ್ತೆ ಹಳದಿ, ಈ ಸಲ ಮಚ್ಚೆ ಮಚ್ಚೆಯಾಗಿ, ಮೇಲ್ಮೈ ಸೀಮೆಸುಣ್ಣದ ಹಾಗೆ. ಈಗ ಅದನ್ನು ನಾನು ಮಾರಲಾರೆ, ಎಸೆಯಲೂ ಆರೆ.

ಇಡುವ ವಿಚಾರಕ್ಕೆ ಬಂದರೆ, ಊರಿನಲ್ಲಿರುವವರು ದಯವಿಟ್ಟು ನುಸಿಗುಳಿಗೆಯನ್ನು ಗೊಂಬೆ ಪೆಟ್ಟಿಗೆಗೆ ಹಾಕಬೇಡಿ. ಸೀರೆ ಪೆಟ್ಟಿಗೆಗೆ ಹಾಕುವ ಆ ಗುಳಿಗೆಯ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ. ಕರಾವಳಿಯವರ ಕಾರ್ಡುಗಳು ಮಳೆಗಾಲದಲ್ಲಿ ಸೊಟ್ಟಗಾಗಿ ಬೂಷ್ಟು ಹಿಡಿಯುವುದನ್ನು ಕಂಡಿದ್ದೇನೆ. ಸಿಲಿಕಾ ಜೆಲ್ ಪೊಟ್ಟಣ ಇಡಿ, ಮುಚ್ಚಿದ ಬೀರು, ನೇರ ಬಿಸಿಲು ಬೇಡ. ಇಷ್ಟು ಸಾಕು.

ಬೆಲೆಯ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಮಾರುವವನು ಬರೆದುಕೊಂಡದ್ದು ಬೆಲೆಯಲ್ಲ, ಕೊಂಡವನು ಎಣಿಸಿಕೊಟ್ಟದ್ದು ಬೆಲೆ. ಮಾರಾಟವಾಗಿ ಮುಗಿದ ಹರಾಜುಗಳನ್ನು ನೋಡಿ, ಅದೂ ಒಂದಲ್ಲ, ಏಳೆಂಟು. 2024ರಲ್ಲಿ ಒಂದು ಬೋಬಾ ಫೆಟ್ 5,25,000 ಡಾಲರಿಗೆ ಹೋಯಿತೆಂದು ನಿಮ್ಮ ಬೋಬಾ ಫೆಟ್ ನೋಡಿ ಜೊಲ್ಲು ಸುರಿಸಬೇಡಿ. ಅದು ಬೆನ್ನಿನಿಂದ ರಾಕೆಟ್ ಹಾರಿಸುವ, 1979ರ ಕೊಡುಗೆಗೆಂದು ಮಾಡಿ ಮಾರುಕಟ್ಟೆಗೇ ಬಿಡದ ಮಾದರಿ. ಬೇರೆ ಕಂಪನಿಯ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಆಟಿಕೆಯ ಪುಟ್ಟ ಕ್ಷಿಪಣಿ ಗಂಟಲಿಗೆ ಸಿಕ್ಕಿ ಮಗುವೊಂದು ಸತ್ತ ಮೇಲೆ ಕೆನ್ನರ್ ರಾಕೆಟ್ಟನ್ನು ಬೆನ್ನಿಗೇ ಅಂಟಿಸಿ ಕಳಿಸಿತು. ಹಾರುವ ರಾಕೆಟ್ಟಿನದು ನಿಮ್ಮ ಕೈಗೆ ಯಾರಾದರೂ ಅಗ್ಗಕ್ಕೆ ತಂದುಕೊಟ್ಟರೆ ಅದು ನಕಲಿ, ನೋಡುವ ಅಗತ್ಯವೂ ಇಲ್ಲ. ಇನ್ನು ಅಕ್ರಿಲಿಕ್ ಡಬ್ಬಿಯಲ್ಲಿ ಮುಚ್ಚಿ 80, 85 ಎಂದು ಅಂಕ ಕೊಡುವ ಸಂಸ್ಥೆಗಳಿವೆ. ದುಬಾರಿ ಪೀಸಿಗೆ ಅದು ಬೇಕಾಗಬಹುದು. ನನಗೆ ಇಷ್ಟವಿಲ್ಲ, ಡಬ್ಬಿಯೊಳಗಿನದರ ಕಾಲಿನ ಹಿಂಭಾಗ ಬೆರಳಿಗೆ ಸಿಗುವುದಿಲ್ಲ.

ಈಗ ನನ್ನ ಕೋರಿಕೆ. ನಿಮ್ಮ ಪ್ರತಿ ಗೊಂಬೆಯ ಜೊತೆ ಒಂದು ಚೀಟಿ ಇಡಿ. ಎಲ್ಲಿ ಕೊಂಡಿರಿ, ಎಷ್ಟಕ್ಕೆ, ಕಾಲಿನ ಹಿಂದೆ ಏನಿದೆ, ಏನು ಬದಲಾಯಿಸಿದ್ದೀರಿ, ಏನು ತೊಳೆದಿದ್ದೀರಿ. ಅನುಮಾನವಿದ್ದರೆ ಅನುಮಾನ ಎಂದೇ ಬರೆಯಿರಿ. ಮಾರುವಾಗ ಗೊಂಬೆಯ ಜೊತೆ ಚೀಟಿಯೂ ಹೋಗಲಿ. ನನ್ನ ಆ ಜಾವಾನ ಪಕ್ಕದ ಚೀಟಿಯಲ್ಲಿ ಹೀಗಿದೆ: ‘ಗೊಂಬೆ ಅಸಲಿ. ಮೇಲಂಗಿ ಬೆನ್ ಕೆನೋಬಿಯದು, ಕತ್ತರಿಸಿದ್ದು. ಗೊತ್ತಿದ್ದೂ ಅರ್ಧ ದಿನ ಹೇಳಲಿಲ್ಲ.’ ಕೊನೆಯ ಸಾಲು ಕೊಳ್ಳುವವರಿಗೆ ಬೇಕಾಗಿಲ್ಲ, ನನಗೆ ಬೇಕು.

ಉಪ್ಪಿನಕಾಯಿ ಜಾಡಿಯ ಪಕ್ಕದ ಜಾವಾ ಕಳಿಸಿದವರಿಗೆ: ಫೋಟೊದಲ್ಲಿ ಕಂಡಷ್ಟರಲ್ಲಿ ಗೊಂಬೆ ಸರಿಯಾಗಿದೆ, ಬಟ್ಟೆಯ ಅಂಗಿಯ ಹೊಲಿಗೆಯೂ ಸರಿಯಾಗಿದೆ. ಕೈಯಲ್ಲಿರುವ ಕೋವಿ ಅದರದ್ದಲ್ಲ. ಕಾಲಿನ ಹಿಂಭಾಗದ ಫೋಟೊ ಕಳಿಸಿ, ಆಮೇಲೆ ಬೆಲೆ ಮಾತಾಡೋಣ. ಅಲ್ಲಿಯವರೆಗೆ ಜಾಡಿಯಿಂದ ಸ್ವಲ್ಪ ದೂರ ಇಡಿ, ಎಣ್ಣೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ.

ಇಂತಿ,
ನಿಮ್ಮಲ್ಲೊಬ್ಬ